ಬೆಳಿಗ್ಗೆ 6ಕ್ಕೆ ಹಠ, 9ಕ್ಕೆ ಸಲೀಸು: ಚಳಿಯಲ್ಲಿ ಸ್ಟಾರ್ಟ್ ಆಗದ ಪೆಟ್ರೋಲ್ ಎಂಜಿನ್ನಿನ ಒಂದು ನೀರಿನ ಪಂಪಿನ ಪ್ರಕರಣ

ಜನವರಿ ಎರಡನೇ ವಾರ. ರಾತ್ರಿ ಒಂಬತ್ತೂವರೆಗೆ ಚಿಕ್ಕಪ್ಪನ ಫೋನ್ ಬಂತು. "ಪಂಪು ಮತ್ತೆ ಕೈ ಕೊಡ್ತು ಮಾರಾಯ. ನಾನೂ ಮೇಸ್ತ್ರಿನೂ ಸೇರಿ ಹಗ್ಗ ಎಳೆದು ಎಳೆದು ಭುಜ ಬಿದ್ದು ಹೋಯ್ತು. ಒಂಬತ್ತು ಗಂಟೆಗೆ ಮೇಸ್ತ್ರಿ ಹೆಂಡತಿ ಬಂದು ಸುಮ್ನೆ ಒಂದ್ಸಲ ಎಳೆದ್ಳು ನೋಡು, ಸ್ಟಾರ್ಟ್ ಆಗಿಬಿಡ್ತು!"

ಚಿಕ್ಕಪ್ಪ ಅದನ್ನು ಬೇಜಾರಿನಲ್ಲಿ ಹೇಳಿದರು. ನನಗೆ ಮಾತ್ರ ಆ ಮಾತೇ ಮೊದಲ ಸುಳಿವಾಯಿತು. ಬೆಳಿಗ್ಗೆ ಆರಕ್ಕೆ ಜಪ್ಪಯ್ಯ ಅಂದರೂ ಏಳದ ಎಂಜಿನ್ ಒಂಬತ್ತಕ್ಕೆ ಒಂದೇ ಎಳೆತಕ್ಕೆ ಏಳುತ್ತದೆ ಅಂದರೆ ದೊಡ್ಡದೇನೂ ಮುರಿದಿಲ್ಲ. ಯಾವುದೋ ಒಂದು ಸಣ್ಣ ಕೊರತೆ ಇದೆ, ಬಿಸಿಲು ಬಂದ ಮೇಲೆ ಅದು ಮುಚ್ಚಿಹೋಗುತ್ತಿದೆ.

ತೋಟ ಇರುವುದು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ತಪ್ಪಲಿನಲ್ಲಿ. 8 ಎಕರೆ ಅರೇಬಿಕಾ. ಕಾಫಿ ಕೊಯ್ಲಿನ ಸಮಯದಲ್ಲಿ ಪಂಪು ಯಾಕೆ ಅಷ್ಟು ಮುಖ್ಯ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹಗಲು ಕೊಯ್ದ ಹಣ್ಣನ್ನು ಅವತ್ತೇ ಸಂಜೆ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ಬೀಜದ ಮೇಲೆ ಲೋಳೆ ಉಳಿದಿರುತ್ತದೆ. ಅದನ್ನು ತೊಟ್ಟಿಯಲ್ಲಿ ಹುಳಿಯಲು ಬಿಡುತ್ತಾರೆ. ಚಳಿ ಇದ್ದಾಗ ಅರೇಬಿಕಾಕ್ಕೆ 24 ಗಂಟೆ, ಕೆಲವು ಸಲ 36 ಗಂಟೆಯೂ ಬೇಕಾಗುತ್ತದೆ. ಲೋಳೆ ಬಿಟ್ಟ ತಕ್ಷಣ ತೊಳೆದು ಕಣಕ್ಕೆ ಹಾಕಬೇಕು. ತಡ ಮಾಡಿದರೆ ಹುಳಿ ಬೀಜಕ್ಕೇ ಹತ್ತುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಆ ವಾಸನೆ ಹೋಗುವುದಿಲ್ಲ. ವರ್ಷವಿಡೀ ಕಷ್ಟಪಟ್ಟ ಬೆಳೆಯನ್ನು ಒಂದು ಬೆಳಿಗ್ಗೆಯಲ್ಲಿ ಕೆಡಿಸಿಕೊಳ್ಳುವುದು ಅಂದರೆ ಇದೇ. ತೊಳೆಯಲು ನೀರು ಬೇಕು, ನೀರು ಕೆರೆಯಲ್ಲಿದೆ, ಕರೆಂಟು ಬೆಳಗಿನ ಹೊತ್ತು ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಹಾಗಾಗಿ ಕೆರೆಯ ಪಕ್ಕದ ಶೆಡ್ಡಿನಲ್ಲಿ 2 ಇಂಚಿನ ಒಂದು ಪೆಟ್ರೋಲ್ ಪಂಪು. 163 ಸಿಸಿ, ಫೋರ್ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಾಮಾನ್ಯ ಎಂಜಿನ್. ಐದು ವರ್ಷದಿಂದ ದುಡಿದಿದೆ.

ಪೇಟೆಯ ಒಂದು ವರ್ಕ್‌ಶಾಪ್‌ಗೆ ಎರಡು ಸಲ ಒಯ್ದಿದ್ದರಂತೆ. ಮೊದಲ ಸಲ ಪ್ಲಗ್ (ಕಿಡಿ ಹಾರಿಸುವ ಭಾಗ) ಬದಲಾಯಿಸಿ, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ತೊಳೆದು ಕೊಟ್ಟರು. ಎರಡನೇ ಸಲ "ರಿಂಗ್ ಹೋಗಿರಬಹುದು, ಕಾಯಿಲ್ ಕೂಡ ವೀಕ್ ಇರಬಹುದು, ಎರಡೂ ಹಾಕಿದರೆ ನಾಲ್ಕೂವರೆ ಸಾವಿರ ಆಗುತ್ತೆ" ಎಂದರಂತೆ. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂತು ಸಿಲಿಂಡರಿನ ಒತ್ತಡ ಹಿಡಿದಿಡುವ ಬಳೆ, ಕಾಯಿಲ್ ಅಂದರೆ ಕಿಡಿಗೆ ಕರೆಂಟು ಕೊಡುವ ಸುರುಳಿ. ಎರಡು ಸಲವೂ ಅಲ್ಲಿ ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗಿತ್ತು. ಆಗದೆ ಏನು? ಪಿಕಪ್‌ನಲ್ಲಿ ಒಂದು ಗಂಟೆ ಬಿಸಿಲು ಕಾಯಿಸಿಕೊಂಡು, ಕುಲುಕಿಸಿಕೊಂಡು ಹನ್ನೊಂದು ಗಂಟೆಗೆ ಅಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ರೋಗವೇ ಇರುವುದಿಲ್ಲ. ಇಲ್ಲದ ರೋಗವನ್ನು ಯಾವ ಮೆಕ್ಯಾನಿಕ್ ತಾನೇ ಹಿಡಿಯುತ್ತಾರೆ?

ಚಳಿಯಲ್ಲಿ ಮಾತ್ರ ಬರುವ ತೊಂದರೆಯನ್ನು ಹುಡುಕುವುದರಲ್ಲಿ ಇರುವ ದೊಡ್ಡ ಕಷ್ಟ ಇದು. ದಿನಕ್ಕೆ ಒಂದೇ ಅವಕಾಶ. ಎಂಜಿನ್ ಒಂದು ಸಲ ಎದ್ದು ಎರಡು ನಿಮಿಷ ಓಡಿತು ಅಂದರೆ ಅದು ಬಿಸಿಯಾಯಿತು, ಸಾಕ್ಷಿ ಅಳಿಸಿ ಹೋಯಿತು, ಮತ್ತೆ ಮರುದಿನ ಬೆಳಿಗ್ಗೆಯೇ. ಆದ್ದರಿಂದ ಮರುದಿನ ಸಂಜೆಯೇ ತೋಟಕ್ಕೆ ಹೋಗಿ ಉಳಿದುಕೊಂಡೆ. "ನಾನು ಹೇಳುವ ತನಕ ಯಾರೂ ಪಂಪು ಮುಟ್ಟಬೇಡಿ" ಎಂದೆ. ಮೇಸ್ತ್ರಿ ಕೈಗೆ ಒಂದು ಚಾಕ್‌ಪೀಸ್ ಕೊಟ್ಟು, ಪ್ರತಿ ಬೆಳಿಗ್ಗೆ ಎಷ್ಟನೇ ಎಳೆತಕ್ಕೆ ಸ್ಟಾರ್ಟ್ ಆಯಿತು ಅಂತ ಶೆಡ್ಡಿನ ಗೋಡೆ ಮೇಲೆ ಬರೆಯಲು ಹೇಳಿದೆ. ಹಿಂದಿನ ದಿನಗಳದ್ದನ್ನು ಅವರೇ ನೆನಪು ಮಾಡಿಕೊಂಡು 31, 40 ಅಂತ ಬರೆದರು. ಮೂರನೆಯದರ ಎದುರು "ಬಿಟ್ಟಿದ್ದು" ಅಂತ ಇತ್ತು.

ಮೊದಲ ಬೆಳಿಗ್ಗೆ

6 ಗಂಟೆ 10 ನಿಮಿಷ. ಶೆಡ್ಡಿನ ಥರ್ಮಾಮೀಟರ್ 9 ಡಿಗ್ರಿ ತೋರಿಸುತ್ತಿತ್ತು. ಕೆರೆ ಮೇಲಿನ ಮಂಜು ಶೆಡ್ಡಿನ ಒಳಗೇ ಬಂದಿತ್ತು, ಪೆಟ್ರೋಲ್ ಟ್ಯಾಂಕಿನ ಮೇಲೆ ಕೈ ಆಡಿಸಿದರೆ ಅಂಗೈ ಒದ್ದೆ.

ಪೆಟ್ರೋಲ್ ಕಾಕ್ ತೆರೆದು, ಸ್ವಿಚ್ ಆನ್ ಮಾಡಿ, ಚಳಿಯಲ್ಲಿ ಪೆಟ್ರೋಲ್ ಜಾಸ್ತಿ ಕೊಡುವ ಚೋಕ್ ಪೂರ್ತಿ ಎಳೆದು ಆರು ಸಲ ಹಗ್ಗ ಎಳೆದೆ. ಹಗ್ಗ ಭಾರ ಇತ್ತು, ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದ ಹಾಗೆ. ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಅಲ್ಲಿಗೇ ನಿಲ್ಲಿಸಿದೆ. ಚಿಕ್ಕಪ್ಪ "ಇನ್ನೊಂದು ನಾಲ್ಕು ಎಳಿ" ಎಂದರು. ಬೇಡ ಎಂದೆ. ಆರು ಎಳೆತಕ್ಕೆ ಏಳದ ಎಂಜಿನನ್ನು ನಲವತ್ತು ಸಲ ಎಳೆಯುವುದರಿಂದ ಕೈ ನೋಯುತ್ತದೆ ಅಷ್ಟೇ, ಏನು ಆಗಿದೆ ಅಂತ ಗೊತ್ತಾಗುವುದಿಲ್ಲ. ಆರು ಎಳೆತದ ನಂತರ ಪ್ಲಗ್ ಬಿಚ್ಚಿ ನೋಡಬೇಕು. ಅರ್ಧ ರೋಗ ಅಲ್ಲೇ ಬರೆದಿರುತ್ತದೆ.

ಪ್ಲಗ್ ಒದ್ದೆ ಇದ್ದು ಪೆಟ್ರೋಲ್ ವಾಸನೆ ಜೋರಾಗಿ ಬಂದರೆ, ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಆಗ ಕಿಡಿ ಸರಿ ಇಲ್ಲ ಅಥವಾ ಜಾಸ್ತಿ ಚೋಕ್ ಹಾಕಿ ಎಂಜಿನ್ ಮುಳುಗಿಸಿದ್ದೀರಿ ಅಂತ ಅರ್ಥ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಅಲ್ಲಿ ತನಕ ಬರುತ್ತಲೇ ಇಲ್ಲ. ನಮ್ಮ ಪ್ಲಗ್ ಒಣಗಿತ್ತು. ಹೊಸ ಪ್ಲಗ್, ಬಿಳಿ ಪಿಂಗಾಣಿ ಹಾಗೇ ಬಿಳಿ. ಮೂಗಿನ ಹತ್ತಿರ ಹಿಡಿದರೆ ಸ್ವಲ್ಪವೇ ವಾಸನೆ.

ಆದರೂ ಕಿಡಿ ನೋಡಿಬಿಡೋಣ ಅಂತ ಪ್ಲಗ್‌ಗೆ ಕ್ಯಾಪ್ ಸಿಕ್ಕಿಸಿ, ಅದರ ತಿರುಪಿನ ಭಾಗವನ್ನು ಹೆಡ್ಡಿನ ಬೋಲ್ಟಿಗೆ ತಾಗಿಸಿ ಹಿಡಿದೆ. ಪ್ಲಗ್ ತೂತಿನಿಂದ ದೂರ ಹಿಡಿಯಬೇಕು. ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತಿರುತ್ತದೆ, ಅಲ್ಲೇ ಕಿಡಿ ಹಾರಿಸಿದರೆ ಬೆಂಕಿ ಹತ್ತುತ್ತದೆ. ಹಗ್ಗ ಎಳೆದಾಗ ಆ ಮಬ್ಬಿನಲ್ಲಿ ನೀಲಿ ಕಿಡಿ ಟಿಕ್ ಟಿಕ್ ಎಂದು ಚೆನ್ನಾಗಿ ಕಂಡಿತು. ಕಿಡಿ ಬಂದಿದ್ದರಿಂದ ಇನ್ನೊಂದು ವಿಷಯವೂ ಬಗೆಹರಿಯಿತು. ಇಂಥ ಎಷ್ಟೋ ಎಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿಯನ್ನೇ ನಿಲ್ಲಿಸಿಬಿಡುವ ಸ್ವಿಚ್ ಇರುತ್ತದೆ. ಆಯಿಲ್ ಸರಿ ಇದ್ದರೂ ಪಂಪನ್ನು ಇಳಿಜಾರಿನಲ್ಲಿ ಇಟ್ಟರೆ ಅದು ಮೋಸಹೋಗುತ್ತದೆ. ಮಲೆನಾಡಿನಲ್ಲಿ ಸಮತಟ್ಟು ಜಾಗ ಎಲ್ಲಿ ಸಿಗುತ್ತದೆ ಹೇಳಿ, ಹಾಗಾಗಿ ಇದನ್ನು ಮರೆಯಬಾರದು. ನಮ್ಮ ಶೆಡ್ಡಿನಲ್ಲಿ ಸಿಮೆಂಟ್ ಕಟ್ಟೆ ಇದೆ, ಆ ತೊಂದರೆ ಇಲ್ಲ.

ಹೊರಗೆ ಗಾಳಿಯಲ್ಲಿ ಕಿಡಿ ಹಾರಿದ ಮಾತ್ರಕ್ಕೆ ಸಿಲಿಂಡರ್ ಒಳಗೆ, ಒತ್ತಡದಲ್ಲಿ ಹಾರುತ್ತದೆ ಅಂತ ಗ್ಯಾರಂಟಿ ಇಲ್ಲ. ಅದಕ್ಕೆ ಇನ್ನೊಂದು ಪರೀಕ್ಷೆ. ಪ್ಲಗ್ ತೂತಿಗೆ ಅರ್ಧ ಟೀ ಚಮಚ ಪೆಟ್ರೋಲ್ ಬಿಟ್ಟು, ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಬಿಗಿದು ಎಳೆದೆ. ಎರಡನೇ ಎಳೆತಕ್ಕೆ ಎಂಜಿನ್ ಗರ್‌ರ್ ಎಂದು ಎದ್ದು ಮೂರು ಸೆಕೆಂಡ್ ಓಡಿ ಸತ್ತಿತು. ಚಿಕ್ಕಪ್ಪನ ಮುಖ ಬಾಡಿತು. ನನಗೆ ಮಾತ್ರ ಆ ಮೂರು ಸೆಕೆಂಡಿನಲ್ಲಿ ನಾಲ್ಕೂವರೆ ಸಾವಿರ ರೂಪಾಯಿ ಉಳಿದದ್ದು ಕಾಣಿಸಿತು. ರಿಂಗ್ ಹೋಗಿದ್ದರೆ, ಕಾಯಿಲ್ ಕೆಟ್ಟಿದ್ದರೆ 9 ಡಿಗ್ರಿ ಚಳಿಯಲ್ಲಿ ಹಾಗೆ ಹತ್ತಿಕೊಳ್ಳುತ್ತಿರಲಿಲ್ಲ. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಇದೆ, ಕಿಡಿ ಇದೆ. ಇನ್ನು ಹುಡುಕಬೇಕಾದ್ದು ಟ್ಯಾಂಕಿನಿಂದ ಸಿಲಿಂಡರ್ ತನಕ ಪೆಟ್ರೋಲ್ ಬರುವ ದಾರಿಯಲ್ಲಿ ಮಾತ್ರ.

ಕಾರ್ಬೊರೇಟರ್ ಬೌಲ್ (ಪೆಟ್ರೋಲ್ ನಿಲ್ಲುವ ಸಣ್ಣ ಬಟ್ಟಲು) ಕೆಳಗಿನ ಸ್ಕ್ರೂ ಸಡಿಲಿಸಿ, ಅದರೊಳಗಿದ್ದದ್ದನ್ನು ಒಂದು ಗಾಜಿನ ಬಾಟಲಿಗೆ ಹಿಡಿದೆ. ಪ್ಲಾಸ್ಟಿಕ್ ಲೋಟದಲ್ಲಿ ಹಿಡಿದರೆ ಇದು ಕಾಣುವುದಿಲ್ಲ, ಗಾಜಿನದೇ ಬೇಕು. ಬಾಗಿಲ ಬೆಳಕಿಗೆ ಎತ್ತಿ ಹಿಡಿದಾಗ ಬಣ್ಣ ಹೊಸ ಪೆಟ್ರೋಲಿನದಾಗಿರಲಿಲ್ಲ, ಹಳೆಯ ತುಪ್ಪದ ಬಣ್ಣ. ತಳದಲ್ಲಿ ಕಿರುಬೆರಳಿನಷ್ಟು ದಪ್ಪಕ್ಕೆ ಇನ್ನೊಂದು ಪದರ. ಬಾಟಲಿ ವಾಲಿಸಿದರೆ ಎರಡರ ನಡುವಿನ ಗೆರೆ ನಿಧಾನಕ್ಕೆ ತೂಗುತ್ತಿತ್ತು. ವಾಸನೆಯಲ್ಲಿ ಪೆಟ್ರೋಲಿನ ಚುರುಕು ಇಲ್ಲ, ವಾರ್ನಿಶ್ ಡಬ್ಬದ ಥರ ಇತ್ತು.

"ಈ ಪೆಟ್ರೋಲ್ ಯಾವಾಗಿನದು ಚಿಕ್ಕಪ್ಪ?"

"ದೀಪಾವಳಿ ಹೊತ್ತಿಗೆ ತಂದಿದ್ದು. ಕ್ಯಾನಲ್ಲಿ ಇನ್ನೂ ಅರ್ಧ ಇದೆಯಲ್ಲ."

ಅರ್ಧ ಖಾಲಿ ಕ್ಯಾನು, ಸಡಿಲ ಮುಚ್ಚಳ, ಕೆರೆ ಪಕ್ಕದ ಮಂಜಿನ ಶೆಡ್ಡು, ಸುಮಾರು ಮೂರು ತಿಂಗಳು. ಇಷ್ಟು ಸಾಕು.

ಪೆಟ್ರೋಲ್ ಮತ್ತು ಚಳಿ

ಪೆಟ್ರೋಲ್ ಅಂದರೆ ಒಂದೇ ವಸ್ತು ಅಲ್ಲ, ಹಗುರ ಭಾರ ಎಲ್ಲ ಬೆರೆತ ಮಿಶ್ರಣ. ಎಂಜಿನ್‌ನಲ್ಲಿ ಉರಿಯುವುದು ದ್ರವ ಅಲ್ಲ, ಆವಿ. ಚಳಿಯಲ್ಲಿ ಬೇಗ ಆವಿಯಾಗುವುದು ಹಗುರ ಭಾಗ ಮಾತ್ರ. ಸಡಿಲ ಮುಚ್ಚಳದ ಕ್ಯಾನಿನಿಂದ ಮೊದಲು ಹಾರಿಹೋಗುವುದೂ ಅದೇ ಹಗುರ ಭಾಗ. ಮೂರು ತಿಂಗಳ ಪೆಟ್ರೋಲ್ ಬಿಸಿ ಎಂಜಿನ್‌ನಲ್ಲಿ ಚೆನ್ನಾಗಿಯೇ ಉರಿಯುತ್ತದೆ, ತಣ್ಣಗಿನ ಎಂಜಿನನ್ನು ಎಬ್ಬಿಸುವ ಶಕ್ತಿ ಮಾತ್ರ ಅದರಲ್ಲಿ ಉಳಿದಿರುವುದಿಲ್ಲ. ಒಂಬತ್ತು ಗಂಟೆಯ ಕಥೆ ಇದರಿಂದ ಅರ್ಧ ಅರ್ಥವಾಗುತ್ತದೆ, ಅಲ್ವಾ?

ಇನ್ನು ಎಥನಾಲ್. ಚಿಕ್ಕಪ್ಪನ ಸಿಟ್ಟೆಲ್ಲ ಇದರ ಮೇಲೆಯೇ ಇತ್ತು. ಇ20 ಪೆಟ್ರೋಲ್, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ್ದು, ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಸಿಗುವುದು ಅದೇ. ಚಳಿಯಲ್ಲಿ ಅದು ಸ್ವಲ್ಪ ಕಷ್ಟ ಕೊಡುವುದು ನಿಜ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡೂವರೆ ಪಟ್ಟು ಹತ್ತಿರ ಶಾಖ ಹೀರುತ್ತದೆ. ಇನ್ನೊಂದು, 1 ಗ್ರಾಂ ಪೆಟ್ರೋಲ್ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಎಥನಾಲ್‌ಗೆ 9 ಗ್ರಾಂ ಸಾಕು. ಎರಡೂ ಬೆರೆತ ಇ20ಕ್ಕೆ 13.5ರ ಹತ್ತಿರ. ಅಂದರೆ ಬರೀ ಪೆಟ್ರೋಲ್ ಲೆಕ್ಕ ಹಾಕಿ ಮಾಡಿದ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಇರುವ ಹಳೇ ಎಂಜಿನ್‌ಗೆ ಇ20 ಹಾಕಿದರೆ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಚಳಿಗೆ ಬೇಕಾದ್ದು ದಪ್ಪ ಮಿಶ್ರಣ. ಜೊತೆಗೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಟ್ಟದ ತನಕ ನೀರು ಅದರಲ್ಲೇ ಬೆರೆತಿರುತ್ತದೆ, ಅದು ದಾಟಿದರೆ, ಅಥವಾ ರಾತ್ರಿ ತಣ್ಣಗಾದರೆ, ನೀರೂ ಎಥನಾಲೂ ಸೇರಿ ಕೆಳಗೆ ಕೂರುತ್ತವೆ. ಬಾಟಲಿಯ ತಳದಲ್ಲಿ ಕಂಡದ್ದು ಅದೇ.

ಚಿಕ್ಕಪ್ಪನಿಗೆ ತೋರಿಸಲು ಔಷಧಿ ಅಳೆಯುವ ಜಾರಿನಲ್ಲಿ 100 ಎಂ.ಎಲ್. ಹೊಸ ಪೆಟ್ರೋಲ್ ಹಾಕಿ, 10 ಎಂ.ಎಲ್. ನೀರು ಸೇರಿಸಿ ಕುಲುಕಿ ಇಟ್ಟೆ. ಸ್ವಲ್ಪ ಹೊತ್ತಿನ ನಂತರ ತಳದ ಪದರ 25 ದಾಟಿತ್ತು. ಹಾಕಿದ್ದು ಹತ್ತು, ಕೂತದ್ದು ಇಪ್ಪತ್ತೈದರ ಮೇಲೆ. ಅವರು ಜಾರನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಇಷ್ಟಾದರೂ ಪೂರ್ತಿ ತಪ್ಪನ್ನು ಇ20 ಮೇಲೆ ಹೊರಿಸಲು ನಾನು ಒಪ್ಪುವುದಿಲ್ಲ. ಅದೇ ಬಂಕಿನ ಅದೇ ಪೆಟ್ರೋಲ್ ಹಾಕಿದ ಪಕ್ಕದ ತೋಟದ ಪಂಪು ಅದೇ ಚಳಿಯಲ್ಲಿ ಮೂರು ಎಳೆತಕ್ಕೆ ಏಳುತ್ತಿತ್ತು.

ಟ್ಯಾಂಕ್, ಬೌಲ್, ಪೈಪು ಎಲ್ಲ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕುವಷ್ಟರಲ್ಲಿ ಎಂಟೂವರೆ ಆಗಿತ್ತು. ಶೀಟಿನ ಮೇಲೆ ಬಿಸಿಲು ಬಿದ್ದಿತ್ತು. ಎರಡನೇ ಎಳೆತಕ್ಕೆ ಎಂಜಿನ್ ಎದ್ದಿತು. ತೊಟ್ಟಿ ತೊಳೆದರು. ಮೇಸ್ತ್ರಿ ಹೆಂಡತಿ ಒಂದು ಹಿಡಿ ಬೀಜ ತೆಗೆದು ಎರಡು ಅಂಗೈ ನಡುವೆ ಉಜ್ಜಿ ಕಿವಿ ಹತ್ತಿರ ಹಿಡಿದರು. ಜಾರಲಿಲ್ಲ, ಸಣ್ಣ ಕಲ್ಲಿನ ಹಾಗೆ ಸರಸರ ಸದ್ದು ಬಂತು. ಲೋಳೆ ಸರಿಯಾಗಿ ಬಿಟ್ಟಿದೆ, ತಡ ಆಗಿಲ್ಲ. ಎಲ್ಲರಿಗೂ ಸಮಾಧಾನ. ಚಿಕ್ಕಪ್ಪ "ಸರಿ ಹೋಯ್ತಲ್ಲ, ಊಟ ಮಾಡಿ ಹೊರಡು" ಎಂದರು. ನಾನು ಹೊರಡಲಿಲ್ಲ. ಎಂಟೂವರೆಗೆ ಅದು ಹಳೇ ಪೆಟ್ರೋಲಿನಲ್ಲೂ ಏಳುತ್ತಿತ್ತಲ್ಲ. ಸರಿ ಹೋಗಿದೆಯೋ ಇಲ್ಲವೋ ಅಂತ ಹೇಳಬೇಕಾದ್ದು ನಾಳೆಯ ಆರು ಗಂಟೆ.

ಎರಡನೇ ಬೆಳಿಗ್ಗೆ

10 ಡಿಗ್ರಿ. ಚೋಕ್ ಪೂರ್ತಿ, ಆರು ಎಳೆತ. ನಾಲ್ಕನೆಯದಕ್ಕೆ ಒಮ್ಮೆ ಕೆಮ್ಮಿತು, ಅಷ್ಟೇ. ಪ್ಲಗ್ ಬಿಚ್ಚಿದೆ. ನಿನ್ನೆಯ ಹಾಗೆ ಪೂರ್ತಿ ಒಣಗಿರಲಿಲ್ಲ, ತುದಿ ಸ್ವಲ್ಪ ತೇವ. ಪೆಟ್ರೋಲ್ ಬರುತ್ತಿದೆ, ಸಾಕಾಗುವಷ್ಟು ಬರುತ್ತಿಲ್ಲ.

ಚಳಿಯಲ್ಲಿ ಪೆಟ್ರೋಲ್ ಜಾಸ್ತಿ ಕೊಡುವ ಕೆಲಸ ಚೋಕಿನದು. ಕಾರ್ಬೊರೇಟರ್ ಬಾಯಿಯಲ್ಲಿ ಒಂದು ದುಂಡನೆ ತಗಡು ಇರುತ್ತದೆ. ಅದು ಮುಚ್ಚಿದಾಗ ಗಾಳಿ ಕಡಿಮೆಯಾಗಿ, ಪಿಸ್ಟನ್ ಎಳೆಯುವ ಎಳೆತವೆಲ್ಲ ಪೆಟ್ರೋಲಿನ ಮೇಲೆ ಬೀಳುತ್ತದೆ. ನಾವು ನೋಡುವುದು ಹೊರಗಿನ ಲಿವರ್ ಮಾತ್ರ. ಲಿವರ್ ಕೊನೆ ತನಕ ಹೋಯಿತು ಅಂದರೆ ತಗಡು ಮುಚ್ಚಿತು ಅಂತ ನಂಬಿಬಿಡುತ್ತೇವೆ. ವರ್ಕ್‌ಶಾಪಿನವರೂ ನಂಬಿದ್ದರು, ಮೊದಲ ದಿನ ನಾನೂ ನಂಬಿದ್ದೆ.

ಏರ್ ಫಿಲ್ಟರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಲಿವರ್ ಕೊನೆಯಲ್ಲಿದೆ. ತಗಡಿನ ಮೇಲ್ಭಾಗದಲ್ಲಿ ಬಿದಿಗೆ ಚಂದ್ರನ ಹಾಗೆ ಒಂದು ಸಂದು! ಕಿರುಬೆರಳ ಉಗುರು ತೂರುವಷ್ಟು. ಲಿವರನ್ನು ಹಿಂದೆ ಮುಂದೆ ಆಡಿಸಿದಾಗ ಕಾರಣ ಗೊತ್ತಾಯಿತು. ಪ್ಲಾಸ್ಟಿಕ್ ಲಿವರ್, ತಗಡನ್ನು ತಿರುಗಿಸುವ ಕಡ್ಡಿಗೆ ಕೂರುವ ಜಾಗದಲ್ಲಿ ಕೂದಲೆಳೆಯ ಬಿರುಕು. ಮೊದಲ ಸ್ವಲ್ಪ ದೂರ ಲಿವರ್ ಮಾತ್ರ ತಿರುಗುತ್ತದೆ, ಕಡ್ಡಿ ತಿರುಗುವುದಿಲ್ಲ. ಹಾಗಾಗಿ ಕೊನೆಗೆ ತಗಡು ಮುಕ್ಕಾಲು ಭಾಗ ಮಾತ್ರ ಮುಚ್ಚುತ್ತದೆ. 25 ಡಿಗ್ರಿಯಲ್ಲಿ ಮುಕ್ಕಾಲು ಚೋಕ್ ಧಾರಾಳ ಸಾಕು. 9 ಡಿಗ್ರಿಯಲ್ಲಿ, ಅದರಲ್ಲೂ ಹಳೇ ಪೆಟ್ರೋಲಿನಲ್ಲಿ, ಸಾಲದು.

ಇದೇ ಕಾರಣ ಹೌದೋ ಅಲ್ಲವೋ ಅಂತ ಅಲ್ಲೇ ತಿಳಿಯುವ ದಾರಿ ಇದೆ. ಕಾರ್ಬೊರೇಟರ್ ಬಾಯಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮೇಸ್ತ್ರಿಗೆ ನಿಧಾನಕ್ಕೆ ಒಂದು ಸಲ ಎಳೆಯಲು ಹೇಳಿದೆ. ಅಂಗೈ ಒಳಕ್ಕೆ ಎಳೆದ ಹಾಗಾಗಿ ಐಸ್ ಮುಟ್ಟಿದಷ್ಟು ತಣ್ಣಗೆ ಒದ್ದೆಯಾಯಿತು. ಕೈ ತೆಗೆದು, ಕೈ ಒರೆಸಿ, ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಪೂರ್ತಿ ಒತ್ತಿಟ್ಟು, ಮುಖ ದೂರ ಇಟ್ಟುಕೊಂಡು ಎಳೆಸಿದೆ. ಎರಡನೇ ಎಳೆತಕ್ಕೆ ಎದ್ದಿತು. 6 ಗಂಟೆ 40 ನಿಮಿಷಕ್ಕೆ, 10 ಡಿಗ್ರಿಯಲ್ಲಿ. ಅಂಗೈ ಇಡುವುದು ನಿಧಾನದ ಒಂದು ಎಳೆತಕ್ಕೆ ಮಾತ್ರ. ಎಂಜಿನ್ ಹಿಂದಕ್ಕೆ ಉಗುಳಿದರೆ ಬೆಂಕಿ ಆ ಬಾಯಿಂದಲೇ ಬರುತ್ತದೆ, ದಯವಿಟ್ಟು ಯಾರೂ ಅಲ್ಲಿ ಬಗ್ಗಿ ನೋಡಬೇಡಿ.

ಎದ್ದಿತು ಸರಿ, ಓಟ ಸರಿ ಇರಲಿಲ್ಲ. ಅರ್ಧ ಚೋಕ್ ಬಿಟ್ಟರೆ ಉಸಿರು ಕಟ್ಟಿದ ಹಾಗೆ ಏರಿ ಇಳಿದು, ಏರಿ ಇಳಿದು ಓಡುತ್ತಿತ್ತು. ಹತ್ತು ನಿಮಿಷ ಬಿಸಿಯಾದ ಮೇಲೆ ಸಮ ಆಯಿತು. ಇದು ಪೈಲಟ್ ಜೆಟ್ (ನಿಧಾನದ ಓಟಕ್ಕೆ ಪೆಟ್ರೋಲ್ ಕೊಡುವ ಸಣ್ಣ ಜೆಟ್) ಅರ್ಧ ಕಟ್ಟಿಕೊಂಡಿರುವ ಲಕ್ಷಣ. ತೊಳೆಯುವ ಕೆಲಸ ಮುಗಿದ ಮೇಲೆ ಮಧ್ಯಾಹ್ನ ಕಾರ್ಬೊರೇಟರ್ ಬಿಚ್ಚಿದೆ. ಮೇನ್ ಜೆಟ್ ಫಳಫಳ ಎನ್ನುತ್ತಿತ್ತು, ವರ್ಕ್‌ಶಾಪಿನವರು ಅದನ್ನು ತೊಳೆದಿದ್ದರು. ಈ ಮಾದರಿಯ ಕಾರ್ಬೊರೇಟರ್‌ನಲ್ಲಿ ಪೈಲಟ್ ಜೆಟ್ ಐಡ್ಲಿಂಗ್ ಸ್ಕ್ರೂ ಅಡಿಯಲ್ಲಿ ಅಡಗಿರುತ್ತದೆ. ಸ್ಕ್ರೂ ತೆಗೆದು ಮೆಲ್ಲಗೆ ಮೀಟಿದರೆ ಮಾತ್ರ ಹೊರಗೆ ಬರುತ್ತದೆ. ಗಡಿಬಿಡಿಯಲ್ಲಿ ಬೌಲ್ ಬಿಚ್ಚಿ ಸ್ಪ್ರೇ ಹೊಡೆದು ಮುಚ್ಚುವವರಿಗೆ ಅದು ಕಾಣುವುದೇ ಇಲ್ಲ. ತೆಗೆದು ಆಕಾಶಕ್ಕೆ ಹಿಡಿದೆ. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು, ಆದರೂ ಸೂಜಿ ಮೊನೆಯಷ್ಟು ಬೆಳಕು ಕಾಣಬೇಕು. ಏನೂ ಕಾಣಲಿಲ್ಲ. ಕ್ಲೀನರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಕರೆಂಟಿನ ವೈರಿನಿಂದ ತಾಮ್ರದ ಒಂದೇ ಒಂದು ಎಳೆ ಬಿಡಿಸಿ ತೂರಿಸಿದೆ. ತಾಮ್ರ ಮೆತ್ತಗಿರುವುದರಿಂದ ತೂತನ್ನು ಹಿಗ್ಗಿಸುವುದಿಲ್ಲ. ಹೊಲಿಗೆ ಸೂಜಿ, ಪಿನ್ನು ಹಾಕಬಾರದು. ಹಿತ್ತಾಳೆ ಜೆಟ್ಟಿನ ತೂತು ಒಂದು ಸಲ ಹಿಗ್ಗಿದರೆ ಆ ಜೆಟ್ ಮುಗಿಯಿತು. ಮತ್ತೆ ಹಿಡಿದಾಗ ಚುಕ್ಕೆ ಬೆಳಕು ಕಂಡಿತು. ಆ ಚುಕ್ಕೆ ಕಂಡಾಗ ಆಗುವ ಖುಷಿಯೇ ಬೇರೆ.

ಹಗ್ಗದ ಭಾರವೂ ತಲೆಯಲ್ಲಿತ್ತು. ಆಯಿಲ್ ಯಾವುದು ಎಂದರೆ ಡೀಸೆಲ್ ಎಂಜಿನ್‌ಗೆ ತಂದ ಡಬ್ಬದಿಂದಲೇ ಹಾಕಿದ್ದು, 20ಡಬ್ಲ್ಯೂ40. ಅದು ಕೆಟ್ಟ ಆಯಿಲ್ ಅಲ್ಲ, ಬೇಸಿಗೆಯಲ್ಲಿ ನಡೆಯುತ್ತದೆ. ಚಳಿಯಲ್ಲಿ ಗಟ್ಟಿಯಾಗಿ ಹಗ್ಗ ಹಿಡಿಯುತ್ತದೆ. ಇಂಥ ಎಂಜಿನ್‌ನಲ್ಲಿ ಬ್ಯಾಟರಿ ಇಲ್ಲ, ಕಿಡಿ ಹುಟ್ಟುವುದು ತಿರುಗುವ ಚಕ್ರದ ಅಯಸ್ಕಾಂತದಿಂದ. ಚಕ್ರ ನಿಧಾನ ತಿರುಗಿದರೆ ಕಿಡಿಯೂ ಸೊರಗುತ್ತದೆ. 10ಡಬ್ಲ್ಯೂ30 (ಡಬ್ಲ್ಯೂ ಮುಂಚಿನ ಅಂಕೆ ಸಣ್ಣದಿದ್ದಷ್ಟೂ ಚಳಿಯಲ್ಲಿ ಆಯಿಲ್ ತೆಳು) ತಂದು ಹಳೆಯದನ್ನು ಬಿಸಿ ಇರುವಾಗಲೇ ಇಳಿಸಿ ಹಾಕಿದೆ. ಹಿಡಿದದ್ದು 600 ಎಂ.ಎಲ್. ಒಳಗೆ. ವಾಲ್ವ್ ಸಂದು ನೋಡಿದೆ, ಸರಿ ಇತ್ತು. ಪ್ಲಗ್ ಸಂದು 0.7 ಮಿ.ಮೀ.ಗೆ ತಂದೆ. ಬಿರುಕು ಬಿಟ್ಟ ಲಿವರ್ ತೆಗೆದು, ಹಳೇ ಸೈಕಲ್ ಚಕ್ರದ ಕಡ್ಡಿಯ ತುಂಡು ಬಗ್ಗಿಸಿ ಚೋಕ್ ಕಡ್ಡಿಗೆ ಬಿಗಿಯಾಗಿ ತಂತಿ ಸುತ್ತಿದೆ. ಹೊಸ ಲಿವರ್‌ಗೆ ನೂರು ರೂಪಾಯಿ ಒಳಗೆ, ಆದರೆ ತರಿಸಬೇಕಿತ್ತು.

ಒಂದೇ ಮಧ್ಯಾಹ್ನ ಇಷ್ಟೆಲ್ಲ ಕೆಲಸ ಒಟ್ಟಿಗೆ ಮಾಡಿದ್ದು ಪರೀಕ್ಷೆಯ ಲೆಕ್ಕದಲ್ಲಿ ಸರಿಯಲ್ಲ. ದಿನಕ್ಕೆ ಒಂದೇ ಬದಲಾವಣೆ ಮಾಡಿದರೆ ಯಾವುದರಿಂದ ಎಷ್ಟು ಅಂತ ಗೊತ್ತಾಗುತ್ತಿತ್ತು. ತೊಟ್ಟಿಯಲ್ಲಿ ಕಾಫಿ ಇತ್ತು, ಕಾಯಲು ಆಗಲಿಲ್ಲ. ಆದರೂ ಚೋಕ್ ತಗಡೇ ಮುಖ್ಯ ಕಾರಣ ಎಂದು ಧೈರ್ಯವಾಗಿ ಹೇಳುತ್ತೇನೆ, ಬೇರೇನೂ ಮುಟ್ಟದೆ ತಗಡು ಒತ್ತಿದ್ದಷ್ಟಕ್ಕೇ ಅದು ಎದ್ದಿತ್ತು.

ಅವತ್ತು ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪ ಹಳೇ ಕಾಲದ ಉಪಾಯ ನೆನಪಿಸಿಕೊಂಡರು. ಅವರ ಅಪ್ಪ, ಅಂದರೆ ನನ್ನ ಅಜ್ಜ, ಚಳಿಗಾಲದಲ್ಲಿ ಪ್ಲಗ್ ಬಿಚ್ಚಿ ಒಲೆಯ ಕೆಂಡದ ಪಕ್ಕ ಇಟ್ಟು ಬಿಸಿ ಮಾಡಿ ಹಾಕುತ್ತಿದ್ದರಂತೆ. ಅದು ಮೂಢನಂಬಿಕೆ ಅಲ್ಲ. ಪ್ಲಗ್ ಒಣಗುತ್ತದೆ, ಅದರ ಸುತ್ತಲಿನ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಇವತ್ತಿಗೂ ತುರ್ತಿಗೆ ಒಳ್ಳೆಯ ಉಪಾಯ. ಆದರೆ ಬಟ್ಟೆಗೆ ಬೆಂಕಿ ಹಚ್ಚಿ ಕಾರ್ಬೊರೇಟರ್ ಕಾಯಿಸುವುದು, ಏರ್ ಫಿಲ್ಟರಿಗೆ ಪೆಟ್ರೋಲ್ ಸುರಿಯುವುದು ಬೇಡವೇ ಬೇಡ. ಚಳಿ ಅಂತ ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸುವುದೂ ಬೇಡ. ಅದರ ಹೊಗೆಯಲ್ಲಿ ಬಣ್ಣ ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಮುಚ್ಚಿದ ಜಾಗದಲ್ಲಿ ಅದು ಪ್ರಾಣ ತೆಗೆಯುತ್ತದೆ.

ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಪಂಪು ಇನ್ನೂ ಕೆಲವರ ಹತ್ತಿರ ಇದೆ. ಅದರಲ್ಲಿ ಬೆಳಿಗ್ಗೆ ಏಳದಿದ್ದರೆ ಮೊದಲು ಕೇಳಬೇಕಾದ್ದು ನಿನ್ನೆ ಹೇಗೆ ನಿಲ್ಲಿಸಿದಿರಿ ಅಂತ. ನಿಲ್ಲಿಸುವ ಮೊದಲು ಕಾಕ್ ಪೆಟ್ರೋಲಿಗೆ ತಿರುಗಿಸಿ ಎರಡು ಮೂರು ನಿಮಿಷ ಓಡಿಸದಿದ್ದರೆ ಬೌಲ್ ತುಂಬ ಸೀಮೆಎಣ್ಣೆಯೇ ಉಳಿದಿರುತ್ತದೆ, ತಣ್ಣಗಿನ ಎಂಜಿನ್‌ನಲ್ಲಿ ಅದು ಹತ್ತುವುದಿಲ್ಲ. ಬೌಲ್ ಖಾಲಿ ಮಾಡಿ ಪೆಟ್ರೋಲ್ ಬಿಟ್ಟರೆ ಆಯಿತು.

ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಭಾವನಿಗೂ ಇದೇ ಸಮಸ್ಯೆ, ಅವರದು ಹಿಮ ಎತ್ತಿ ಎಸೆಯುವ ಯಂತ್ರ. ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುತ್ತದೆ, ಆಯಿಲ್ 5ಡಬ್ಲ್ಯೂ30 ಬೇಕು, ಬೌಲಿನಲ್ಲಿ ನೀರಿದ್ದರೆ ಐಸ್ ಆಗಿ ಜೆಟ್ ಮುಚ್ಚುತ್ತದೆ. ಆದರೂ ಫೋನಿನಲ್ಲಿ ನಾನು ಕೇಳಿದ್ದು ಅದೇ ಪ್ರಶ್ನೆ, ಆರು ಎಳೆತದ ನಂತರ ಪ್ಲಗ್ ಒದ್ದೆಯೋ ಒಣಗಿದೆಯೋ. ಅವರ ಯಂತ್ರದಲ್ಲಿ ಕಳೆದ ಚಳಿಗಾಲದ ಪೆಟ್ರೋಲ್ ಹಾಗೇ ಇತ್ತು.

ಮೂರನೇ ಬೆಳಿಗ್ಗೆ

9 ಡಿಗ್ರಿ, 6 ಗಂಟೆ 5 ನಿಮಿಷ. ನಾನು ಕೈ ಕಟ್ಟಿ ನಿಂತೆ, ಎಳೆದದ್ದು ಮೇಸ್ತ್ರಿ. ಹಗ್ಗ ಹಗುರ ಬಂತು. ಒಂದು. ಎರಡು. ಎದ್ದಿತು. ಅರ್ಧ ನಿಮಿಷಕ್ಕೆ ಅರ್ಧ ಚೋಕ್, ಎರಡು ನಿಮಿಷಕ್ಕೆ ಪೂರ್ತಿ ಬಿಟ್ಟರು, ಸಮನಾಗಿ ಓಡಿತು. ಚಿಕ್ಕಪ್ಪ ಏನೂ ಮಾತಾಡಲಿಲ್ಲ, ಸೀದಾ ಹೋಗಿ ತೊಟ್ಟಿಯ ಹಲಗೆ ಎತ್ತಿದರು. ಮೇಸ್ತ್ರಿ ಗೋಡೆ ಮೇಲೆ ದೊಡ್ಡದಾಗಿ 2 ಬರೆದರು. ಅದಾದ ಮೇಲೆಯೇ ನಾನು ಹೊರಟಿದ್ದು.

ಫೆಬ್ರವರಿ ಮೊದಲ ವಾರ ಹೊಸ ಲಿವರ್ ಹಿಡಿದುಕೊಂಡು ಮತ್ತೆ ಹೋದೆ. ಗೋಡೆ ಮೇಲೆ 2ರ ಕೆಳಗೆ 3, 2, 2, 3, 2, ಮತ್ತೆ 2. ನಡುವೆ ಒಂದು ದಿನ 8 ಅಂತ ಇತ್ತು. ಕೇಳಿದರೆ, ಅವತ್ತು ಕಾಕ್ ತೆರೆಯಲು ಮರೆತಿದ್ದರಂತೆ. ಕೊನೆಯ ತೊಟ್ಟಿ ತೊಳೆದು ಆಗಿತ್ತು, ಕಣದಲ್ಲಿ ಪಾರ್ಚ್‌ಮೆಂಟ್ (ತೊಳೆದ, ಹೊಟ್ಟು ಸಮೇತದ ಕಾಫಿ ಬೀಜ) ಒಣಗುತ್ತಿತ್ತು. ಬೇಸಿಗೆಯಲ್ಲಿ ನರ್ಸರಿಗೆ ನೀರು ಬೇಕಾಗುವ ತನಕ ಪಂಪಿಗೆ ಕೆಲಸ ಇಲ್ಲ ಎಂದು ಚಿಕ್ಕಪ್ಪ ಟ್ಯಾಂಕಿನ ಪೆಟ್ರೋಲ್ ತೆಗೆದು ಬೈಕಿಗೆ ಹಾಕಿಕೊಂಡಿದ್ದರು, ಕಾಕ್ ಬಂದ್ ಮಾಡಿ ಬೌಲ್ ಖಾಲಿಯಾಗಿ ತಾನೇ ನಿಲ್ಲುವ ತನಕ ಎಂಜಿನ್ ಓಡಿಸಿದ್ದರು. ಕ್ಯಾನಿಗೆ ಹೊಸ ಬಿಗಿ ಮುಚ್ಚಳ ಬಂದಿತ್ತು, ಅದರ ಮೇಲೆ ತಂದ ತಾರೀಖು ಬರೆದ ಒಂದು ಪಟ್ಟಿ ಅಂಟಿಸಿತ್ತು. ಹೊಸ ಲಿವರ್ ಹಾಕಿ, ಫಿಲ್ಟರ್ ಬಿಚ್ಚಿ ಟಾರ್ಚ್ ಹಿಡಿದು ತಗಡು ಪೂರ್ತಿ ಮುಚ್ಚುವುದನ್ನು ಇಬ್ಬರೂ ನೋಡಿದೆವು. ಸೈಕಲ್ ಕಡ್ಡಿಯ ತುಂಡನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಒರೆಸಿ, ಚಾಕ್‌ಪೀಸ್ ಗುರುತುಗಳ ಪಕ್ಕದ ಮೊಳೆಗೆ ಸಿಕ್ಕಿಸಿಟ್ಟರು.